ಸುಂದರಣ್ಣನ ಆಸ್ಟ್ರೇಲಿಯಾ

ಗಲ್ಫಿನ ಸೆಗಯಾ ಬಡಾವಣೆಯಲ್ಲಿರುವ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ, ಶುಕ್ರವಾರ ಸುಂದರಣ್ಣನ ಮನೆಯಲ್ಲಿ ಊಟ ಮಾಡಿದವರು ಆಸ್ಟ್ರೇಲಿಯಾ ನೋಡದೆ ಹೊರಡುವಂತಿಲ್ಲ. ನಾವು ಪಾಯಸದ ಬಟ್ಟಲು ಕೆಳಗಿಡುವ ಮೊದಲೇ ಅವರು ಟೀವಿಗೆ ಪೆನ್ ಡ್ರೈವ್ ಸಿಕ್ಕಿಸಿ, ರಿಮೋಟನ್ನು ಹೆಂಡತಿ ಜಲಜಕ್ಕನ ಕೈಗಿತ್ತು ವಿವರಣೆ ಶುರು ಮಾಡುತ್ತಾರೆ. ವರ್ಷಕ್ಕೊಮ್ಮೆ ಒಂದೇ ವಾರದ ರಜೆ, ಒಂದು ಸಲಕ್ಕೆ ಆ ದೇಶದ ಒಂದೇ ಮೂಲೆ: ಒಮ್ಮೆ ಸಿಡ್ನಿ, ಒಮ್ಮೆ ಪರ್ತ್, ಒಮ್ಮೆ ಟಾಸ್ಮೇನಿಯಾ. "ಇಡೀ ದೇಶ ಒಟ್ಟಿಗೆ ನೋಡಿದರೆ ಅಜೀರ್ಣ ಆಗ್ತದೆ ಮಾರಾಯ್ರೆ" ಎನ್ನುತ್ತಾರೆ. ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಕಸದ ಬುಟ್ಟಿಗೆ ಹಾಕಿದ ಮಿಡಿ ಉಪ್ಪಿನಕಾಯಿಯ ಭರಣಿ ಅವರು ಹೇಳಿದಷ್ಟು ಸಲವೂ ದೊಡ್ಡದಾಗುತ್ತದೆ. "ಹೋದ ವಾರ ಅದು ಸಣ್ಣ ಬಾಟ್ಲಿ ಆಗಿತ್ತಲ್ಲ" ಎಂದು ಜಲಜಕ್ಕ ಚುಚ್ಚುತ್ತಾರೆ. ಕಾಂಗರೂ ಕೂಡ ಈಗ ಬಾಗಿಲಿಗಿಂತ ಎತ್ತರ. ಸುಂದರಣ್ಣನ ಕಣ್ಣು ಮೆಲ್ಲಗೆ ಮಂಜಾಗುತ್ತಿದೆ, ಅದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಹೇಳಿದ ವರ್ಷವೇ ಈ ಪ್ರವಾಸಗಳು ಶುರುವಾದದ್ದೆಂದು ನಮಗೆಲ್ಲ ಗೊತ್ತು. ಯಾರೂ ಆ ಮಾತೆತ್ತುವುದಿಲ್ಲ. ಮೊನ್ನೆ ಟೀವಿಯಲ್ಲಿ ಬರೀ ಲಗೇಜಿನ ಟ್ರಾಲಿಯ ಚಿತ್ರ ನಿಂತಿತ್ತು. ಸುಂದರಣ್ಣ ಅದರತ್ತಲೇ ಬೆರಳು ಚಾಚಿ, "ನೋಡಿ, ಬೆನ್ನ ಮೇಲೆ ಮರಿ ಹೊತ್ತುಕೊಂಡ ಕೊವಾಲಾ, ಎಷ್ಟು ಚಂದ!" ಎಂದರು. ಜಲಜಕ್ಕ ಸದ್ದಿಲ್ಲದೆ ರಿಮೋಟು ಒತ್ತುತ್ತಾ ಹೋಗಿ, ಕೊವಾಲಾವನ್ನು ಹುಡುಕಿ ಟೀವಿಗೆ ತಂದು, "ಹೌದಲ್ಲ, ನಿಮ್ಮನ್ನೇ ನೋಡ್ತಾ ಉಂಟು" ಎಂದರು.