ಮೂರನೆಯ ಮೊಳೆ

ಹೊಲಿಗೆ ಅಂಗಡಿಗಳ ಆ ಗಲ್ಲಿಯಲ್ಲಿ ಎಲ್ಲರೂ ಅವಳನ್ನು ಕಾಜಕ್ಕ ಎನ್ನುತ್ತಿದ್ದರು. ಅಂಗಿಯಲ್ಲಿ ಗುಂಡಿ ತೂರುವ ಸೀಳಿರುತ್ತದಲ್ಲ, ಅದರ ಅಂಚಿಗೆ ದಾರ ಸುತ್ತಿ ಬಿಗಿಯುವುದೇ ಕಾಜಾ. ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಅದೊಂದೇ ಕೆಲಸ. ಕತ್ತರಿಸುವವರು ಬೇರೆ, ಹೊಲಿಯುವವರು ಬೇರೆ. ಅಂಗಿ ಕೊನೆಗೆ ಅವಳ ಮಡಿಲಿಗೆ ಬರುತ್ತಿತ್ತು. ತೂತು ಕಾಯ್ದೇ ಹೊಟ್ಟೆ ಹೊರೆದವಳು ನಾನು ಎಂದು ತಾನೇ ನಗುತ್ತಿದ್ದಳು.

ನಾಲ್ಕು ವರ್ಷದಿಂದ ಕಣ್ಣು ಮಂಜಾಗುತ್ತ ಬಂದಿತ್ತು. ನರ ಒಣಗಿದೆ, ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲ ಎಂದಿದ್ದರು ಡಾಕ್ಟರು. ಕಿಟಕಿಯ ಬೆಳಕು ಕಾಣುತ್ತಿತ್ತು, ಎದುರು ನಿಂತವರ ನೆರಳು ಕಾಣುತ್ತಿತ್ತು. ಬಣ್ಣಗಳೆಲ್ಲ ಬೂದಿಯಾಗಿದ್ದವು. ಟೈಲರ್ ಮಾಸ್ತರಿಗೆ ಇದು ಗೊತ್ತಾದ ದಿನವೇ ಕೆಲಸ ಹೋಗುತ್ತದೆ. ಆದ್ದರಿಂದ ಗೊತ್ತಾಗದಂತೆ ಬದುಕುವುದನ್ನು ಕಲಿತಳು. ಹೊಲಿಗೆಗೆ ಬೆರಳು ಸಾಕಿತ್ತು. ಸೂಜಿಗೆ ದಾರ ಪೋಣಿಸಲು ನಾಲಗೆಯ ತುದಿ ಸಾಕಿತ್ತು. ಬಣ್ಣಕ್ಕೆ ಮಾತ್ರ ಅವಳ ಕೋಣೆಯ ಗೋಡೆಯಲ್ಲಿ ಹನ್ನೊಂದು ಮೊಳೆಗಳಿದ್ದವು, ಒಂದೊಂದರಲ್ಲಿ ಒಂದು ದಾರದ ರೀಲು. ಕೂತಲ್ಲಿಂದ ಕೈ ಚಾಚಿದರೆ ಸಿಗುವುದು ಮೂರನೆಯ ಮೊಳೆ. ಅದರಲ್ಲಿ ಬಿಳಿ. ಎರಡರಲ್ಲಿ ನೀಲಿ, ನಾಲ್ಕರಲ್ಲಿ ಖಾಕಿ. ಮಾಸ್ತರು ಬಟ್ಟೆಯ ಕಟ್ಟು ಇಳಿಸುವಾಗಲೇ ಬಣ್ಣ ಹೇಳಿಬಿಡುತ್ತಿದ್ದರು. ಉಳಿದದ್ದು ಅವಳಿಗೂ ಮೊಳೆಗಳಿಗೂ ಇದ್ದ ಗುಟ್ಟು.

ಆ ವರ್ಷ ಹೈಸ್ಕೂಲಿನಲ್ಲಿ ಹೊಸ ನಿಯಮ ಬಂತು. ಪ್ರತಿಯೊಬ್ಬರೂ ಇಪ್ಪತ್ತು ಗಂಟೆ ಸಮಾಜಸೇವೆ ಮಾಡಬೇಕು, ಸೇವೆ ಪಡೆದವರಿಂದ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಬೇಕು. ಮಕ್ಕಳು ಮೊದಲು ಚರಂಡಿ ಸ್ವಚ್ಛ ಮಾಡುವುದೆಂದುಕೊಂಡರು. ಆದರೆ ಚರಂಡಿ ಸಹಿ ಹಾಕುವುದಿಲ್ಲವಲ್ಲ. ಹಾಗಾಗಿ ಒಂಟಿ ಹೆಂಗಸರ ಮನೆಗಳನ್ನು ಪಟ್ಟಿ ಮಾಡಿದರು.

ಕಾಜಕ್ಕ ಬೇಡವೆಂದಳು. ಮಾಸ್ತರು ಕೇಳಲಿಲ್ಲ. ಶಾಲೆಯ ಸಮವಸ್ತ್ರ ಹೊಲಿಯುವವರು ಅವರೇ, ಹೆಡ್ ಮೇಡಂಗೆ ಇಲ್ಲವೆನ್ನಲು ಅವರಿಗೆ ಬಾಯಿ ಬರಲಿಲ್ಲ. ಅವರು ಮನೆ ಶುಚಿ ಮಾಡುವಷ್ಟು ಹೊತ್ತು ಅಂಗಡಿಯಲ್ಲಿ ಕೂತಿರಿ ಅಕ್ಕ, ಮಕ್ಕಳಿಗೆ ಪುಣ್ಯ ಬರಲಿ, ಅಂದರು.

ಶನಿವಾರ ಆರು ಮಂದಿ ಬಂದರು. ಅವರಲ್ಲಿ ಮುಂದಾಳು ಎರಡು ಜಡೆಯ ಹುಡುಗಿ, ತರಗತಿಯ ಲೀಡರ್, ಮೈಗಳ್ಳತನ ಗೊತ್ತಿಲ್ಲದವಳು. ನೆಲ ತಿಕ್ಕಿದರು, ಜೇಡರ ಬಲೆ ತೆಗೆದರು, ಗೋಡೆಗೆ ಸುಣ್ಣ ಬಳಿದರು. ಸುಣ್ಣಕ್ಕೆಂದು ಇಳಿಸಿದ ರೀಲುಗಳನ್ನು ಮತ್ತೆ ನೇತುಹಾಕುವಾಗ ಲೀಡರಿಗೆ ಆ ಹಿಂದುಮುಂದಿಲ್ಲದ ಬಣ್ಣಗಳು ಸರಿ ಕಾಣಲಿಲ್ಲ. ತಿಳಿಯಿಂದ ಗಾಢಕ್ಕೆ ಜೋಡಿಸಿದಳು. ಬಿಳಿ, ಕೆನೆ, ಹಳದಿ, ಕಿತ್ತಳೆ, ಹೀಗೆ ಕಪ್ಪಿನವರೆಗೆ. ದೂರ ನಿಂತು ನೋಡಿದರೆ ಗೋಡೆಯ ಮೇಲೆ ಒಂದು ಸಂಜೆ ಇಳಿಯುತ್ತಿರುವ ಹಾಗಿತ್ತು.

ಕಾಜಕ್ಕ ಬಂದು ಹೊಸ್ತಿಲಲ್ಲಿ ನಿಂತಳು. ಸುಣ್ಣದ ವಾಸನೆ, ಕಾಲಡಿ ತಣ್ಣನೆಯ ನೆಲ. ಅವಳ ಹಿಂದೆಯೇ ಮಾಸ್ತರು.

"ದಾರ ನೋಡಿದ್ರಾ ಅಕ್ಕ?" ಲೀಡರ್ ಆಸೆಯಿಂದ ಕೇಳಿದಳು.

ಧೂಳು ಒರೆಸಿರಬೇಕು ಅಂದುಕೊಂಡ ಕಾಜಕ್ಕ ಗೋಡೆಯತ್ತ ಮುಖ ತಿರುಗಿಸಿ, ನೋಡುವವರು ನೋಡುವಷ್ಟು ಹೊತ್ತು ಹಾಗೇ ಇದ್ದಳು.

"ನೋಡಿದೆ ಕಣಮ್ಮ. ತುಂಬ ಚೆನ್ನಾಗಿದೆ."

ಪುಸ್ತಕ ಕೊಟ್ಟರು. ಲೀಡರಿನ ಪುಸ್ತಕದಲ್ಲಿ ಅವಳ ಸಹಿ ಗೆರೆ ಬಿಟ್ಟು ಹುಡುಗಿಯ ಹೆಸರಿನ ಮೇಲೆಯೇ ಬಿತ್ತು. ಮಕ್ಕಳು ಕಿಸಕ್ಕೆಂದರು.

ಸೋಮವಾರ ನಲವತ್ತು ಬಿಳಿ ಅಂಗಿ ಬಂದವು. ಶುಕ್ರವಾರ ಶಾಲೆಯಲ್ಲಿ ಬಹುಮಾನ ಕೊಡುವಾಗ ಸೇವೆ ಮಾಡಿದ ಮಕ್ಕಳು ತೊಡುವಂಥವು. ಕಾಜಕ್ಕ ಕೈ ಚಾಚಿ ಮೂರನೆಯ ಮೊಳೆಯಿಂದ ದಾರ ತೆಗೆದಳು. ಒಂದೊಂದು ಅಂಗಿಗೆ ಆರು ಕಾಜಾ. ನಾಲ್ಕು ದಿನ ಕತ್ತು ಎತ್ತಲಿಲ್ಲ. ಒಂದು ಹೊಲಿಗೆಯೂ ಎಳ್ಳಷ್ಟು ಆಚೀಚೆ ಆಗಲಿಲ್ಲ.

ಗುರುವಾರ ಸಂಜೆ ಕಾಜಕ್ಕ ಅಂಗಡಿಗೆ ತಂದ ಕಟ್ಟನ್ನು ಮಾಸ್ತರು ಬಿಚ್ಚಿದರು. ಕಾಯುತ್ತಿದ್ದ ಗಿರಾಕಿಯೊಬ್ಬ, ಅಂಗಿಗೆ ಕಾಮಾಲೆ ಬಂದಿದೆಯಲ್ಲ ಮಾಸ್ತರೇ ಅಂದ. ಎಲ್ಲರೂ ನಕ್ಕರು. ಕಾರಣ ತಿಳಿಯದೆ ಕಾಜಕ್ಕನೂ ಸ್ವಲ್ಪ ನಕ್ಕಳು.

ಮಾಸ್ತರು ಮೇಜಿನ ಮೇಲಿದ್ದ ಒಂದು ರೀಲು ಎತ್ತಿ ಅವಳ ಮುಖದೆದುರು ಹಿಡಿದರು.

"ಇದು ಯಾವ ಬಣ್ಣ ಅಕ್ಕ?"

ಅವಳು ಮುಟ್ಟಿ ನೋಡಿದಳು. ಬೆರಳಿಗೆ ಅದು ಬರೀ ದಾರ.

"ಯಾವ ಮೊಳೆಯಿಂದ ತೆಗೆದ್ರಿ?" ಎಂದಳು.

ನಗು ನಿಂತುಹೋಯಿತು. ಎಷ್ಟು ದಿನದಿಂದ ಹೀಗೆ ಎಂದು ಮಾಸ್ತರು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. ನಾಳೆಯಿಂದ ಕೆಲಸ ಬೇಡ ಅಂದರು. ದನಿ ಏರಿಸದೆ, ಅಕ್ಕ ಎಂದು ಕರೆದೇ ಅಂದರು. ಗೋಡೆಯಲ್ಲಿದ್ದ ದಾರವೆಲ್ಲ ಅಂಗಡಿಯದು. ರಾತ್ರಿಯಾಗುವ ಮೊದಲೇ ಬಂದು ಚೀಲಕ್ಕೆ ತುಂಬಿಕೊಂಡು ಹೋದರು. ಅಂಗಿಗಳನ್ನು ಸರಿಮಾಡಲು ಹೊತ್ತಿರಲಿಲ್ಲ. ನಲವತ್ತು ಮಕ್ಕಳೂ ಹಳದಿ ಕಾಜಾದಲ್ಲೇ ವೇದಿಕೆ ಹತ್ತಿದರು.

ಮರುದಿನ ಲೀಡರ್ ಪುಸ್ತಕ ಹಿಡಿದು ಒಬ್ಬಳೇ ಬಂದಳು. ಅದೇ ಅಂಗಿ, ಮೇಲೆ ಪದಕ. ಸಹಿ ಗೆರೆಯ ಮೇಲಿಲ್ಲ, ಮತ್ತೆ ಬೇಕಂತೆ ಅಂದಳು. ಕಣ್ಣು ಕಾಣದವರಿಗೆ ಮಾಡಿದ ಸೇವೆಗೆ ಗಂಟೆ ಎರಡು ಪಟ್ಟು ಎಂದು ನಿಯಮದಲ್ಲಿತ್ತಂತೆ. ನಾಲ್ಕು ಗಂಟೆ ಇದ್ದದ್ದನ್ನು ಮೇಡಂ ತಿದ್ದಿ ಎಂಟು ಮಾಡಿದ್ದರು.

ಕಾಜಕ್ಕ ಅವಳನ್ನು ಹತ್ತಿರ ಕರೆದು, ಅಂಗಿಯ ಪಟ್ಟಿ ಹಿಡಿದು ಆರೂ ಕಾಜಾ ಮೇಲಿಂದ ಕೆಳಗೆ ಸವರಿದಳು.

"ಹೊಲಿಗೆ ಬಿಗಿಯಾಗೇ ಇದೆ," ಎಂದಳು. "ಮೂರರಲ್ಲಿ ಬಿಳೀನೇ ಹಾಕಿದ್ದೆ ನಾನು. ಹಳದಿ ಹೆಂಗೆ ಬಂತು ಅಂತ ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಕಣ್ಣಿನ ಜೊತೆ ತಲೆಯೂ ಹೋಯ್ತೇನೋ ಮಗಳೇ."

ಹುಡುಗಿ ಗೋಡೆ ನೋಡಿದಳು. ಹನ್ನೊಂದು ಬೋಳು ಮೊಳೆ. ಎಡದಿಂದ ಎಣಿಸಿದಳು, ಒಂದು, ಎರಡು, ಮೂರು. ಮತ್ತೊಮ್ಮೆ ಎಣಿಸಿದಳು. ಕೈ ತಾನಾಗಿ ಪದಕದ ಮೇಲೆ ಹೋಯಿತು.

ಪುಸ್ತಕ ತೆರೆದಳು. ಆಮೇಲೆ ಕಾಜಕ್ಕನ ಬೆರಳು ಹಿಡಿದು ಪುಸ್ತಕದ ಗೆರೆಯ ಮೇಲಿಟ್ಟಳು.

"ಇಲ್ಲಿ ಅಕ್ಕ," ಎಂದಳು.

ಸಹಿ ಈ ಸಲ ಸರಿಯಾದ ಜಾಗದಲ್ಲೇ ಬಿತ್ತು.