ಅಪ್ಪ ‘ಇಲ್ಲ’ ಅಂದ ದಿನ

ಸ್ಟಾಫ್ ರೂಮಿನ ಬಾಗಿಲಲ್ಲಿ ಕಾಲಿಡುವ ಮೊದಲೇ ಶೇಂಗಾ ಹೋಳಿಗೆಯ ವಾಸನೆ ಬಂತು. ನನ್ನ ಮೇಜಿನ ಮೇಲೆ ಒಂದು ಸ್ಟೀಲಿನ ಡಬ್ಬಿ ಇತ್ತು. ತಾಂಡೂರಿನಿಂದ ವರ್ಗವಾಗಿ ಜಹೀರಾಬಾದಿನ ಈ ಕಾಲೇಜಿಗೆ ಬಂದಾಗಿನಿಂದ ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಇತಿಹಾಸ ಕಲಿಸುವವಳಿಗೆ ಇದು ಯಾಕೆ ಎಂದು ಕೇಳಿದ್ದಕ್ಕೆ, ಹಳೆಯ ಕಾಗದಪತ್ರ ಓದಿ ನಿಮಗೆ ರೂಢಿ ಇದೆಯಲ್ಲ ಎಂದು ಪ್ರಿನ್ಸಿಪಾಲರು ನಕ್ಕಿದ್ದರು. ಅರ್ಜಿಯ ಕಾಲ ಬಂತೆಂದರೆ ಜೆರಾಕ್ಸಿನ ಬಿಸಿ ಕಾಗದದ ವಾಸನೆಯೊಂದೇ ನನ್ನ ಪಾಲಿಗೆ. ಹಾಗಾಗಿ ಹೋಳಿಗೆ ಕಂಡು ಸ್ವಲ್ಪ ಹೆಚ್ಚೇ ಹಿಗ್ಗಿದೆ.

ಡಬ್ಬಿ ತಂದವರು ಝರಾಸಂಗಂ ಕಡೆಯ ಒಬ್ಬ ರೈತರು. ಮೊದಲ ವರ್ಷಕ್ಕೆ ಸೇರಿದ ಮಗಳು ಪಕ್ಕದಲ್ಲಿ ನಿಂತಿದ್ದಳು. “ಹೊಲದ ಶೇಂಗಾ ಅದರಿ, ಮನೀ ತುಪ್ಪ. ತಿಂದು ನೋಡ್ರಿ ಮೇಡಂ” ಅಂದರು. ಕಾಲೇಜು, ಕಚೇರಿಯೆಲ್ಲ ತೆಲುಗೇ ಆಗಿರುವ ಈ ಗಡಿನಾಡಿನಲ್ಲಿ ನಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ನನಗೆ ಖುಷಿಯಾಗಿ, ನಾನೂ ಕನ್ನಡದಲ್ಲೇ, “ವರ್ಷಕ್ಕ ಆಮದನಿ ಎಷ್ಟ್ ಬರ್ತದರಿ?” ಎಂದು ಆದಾಯದ ವಿಚಾರ ಕೇಳಿದೆ. ಅಂಥವರ ಜೊತೆ ಅವರ ಮಾತಿನಲ್ಲೇ ಮಾತಾಡುವುದು ನನ್ನ ಒಂದು ಹೆಮ್ಮೆ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಏನೂ ಕಡಿಮಿ ಇಲ್ರಿ ಮೇಡಂ. ಶಿವ ಚಂದ ಇಟ್ಟಾನ” ಅಂದರು. ಮಗಳು ನೆಲ ನೋಡಿದಳು.

ಫೀಸಿಗೆ ನೆರವು ಬೇಡಿ ಬಂದವರು ಏನೂ ಕಡಿಮೆ ಇಲ್ಲ ಅಂದರೆ ನಾನು ಬರೆಯುವುದಾದರೂ ಏನನ್ನು, ನೀವೇ ಹೇಳಿ. ಚಹಾ ಕುಡಿದು ಬನ್ನಿ, ಆಮೇಲೆ ಬರೆದುಕೊಳ್ಳೋಣ ಎಂದು ಅವರನ್ನು ಕ್ಯಾಂಟೀನಿಗೆ ಕಳಿಸಿದೆ. ಅವರಿಗೆ ಚಹಾ ಬೇಕಿತ್ತೋ ಇಲ್ಲವೋ, ನನಗಂತೂ ಸ್ವಲ್ಪ ಹೊತ್ತು ಒಬ್ಬಳೇ ಕೂರಬೇಕಾಗಿತ್ತು. ಆ ಕುರ್ಚಿಯಲ್ಲಿ ನನಗೆ ಕಂಡವನು ನಮ್ಮಪ್ಪ.

ನಮ್ಮೂರು ನಾರಾಯಣಖೇಡದಿಂದ ಸಿರ್ಗಾಪುರದ ಕಡೆ ಹೋಗುವ ದಾರಿಯಲ್ಲಿದೆ. ಊರಿನಲ್ಲಿ ನಮ್ಮದು ಅಯ್ಯನವರ, ಅಂದರೆ ಜಂಗಮರ ಮನೆ. ಮದುವೆ, ಮನೆಯೊಕ್ಕಲು, ಸತ್ತವರ ಕ್ರಿಯೆ, ಎಲ್ಲಕ್ಕೂ ಅಪ್ಪನಿಗೇ ಕರೆ. ಉಳಿದ ದಿನ ಒಂದಿಷ್ಟು ತೊಗರಿ, ಒಂದಿಷ್ಟು ಜೋಳದ ಹೊಲ. ಮನೆ ಮಾತ್ರ ದೊಡ್ಡದು. ಮುತ್ಯಾನ, ಅಂದರೆ ಅಜ್ಜನ, ಅಪ್ಪ ಕಟ್ಟಿಸಿದ ಕಲ್ಲಿನ ಮನೆ, ಪಡಸಾಲೆಯಲ್ಲಿ ತಬ್ಬಿದರೆ ತೋಳಿಗೆ ಸಿಗದ ತೇಗದ ಕಂಬಗಳು. ಅದರಲ್ಲಿ ಅರ್ಧ ದೊಡ್ಡಪ್ಪನ ಪಾಲು. ಆದರೆ ಕಂಬಗಳ ಮೇಲೆ ಯಾರೂ ಹೆಸರು ಬರೆದಿರಲಿಲ್ಲವಾದ್ದರಿಂದ ನೋಡುವವರಿಗೆ ಎಲ್ಲಾ ನಮ್ಮದೇ.

ಆ ಮನೆಯಲ್ಲಿ ‘ಇಲ್ಲ’ ಎನ್ನುವ ಮಾತು ಆಡಬಾರದಿತ್ತು. ನಮ್ಮ ಕಡೆ ಹಳೆಯ ಮನೆಗಳಲ್ಲಿ ಇದು ಇದ್ದದ್ದೇ, ನಿಮಗೂ ಗೊತ್ತಿರಬಹುದು. ನಮ್ಮಲ್ಲಿ ತುಸು ಅತಿಯಾಗಿತ್ತು. ಉಪ್ಪು ಮುಗಿದರೆ ಆಯಿ, ಅಂದರೆ ಅಪ್ಪನ ತಾಯಿ, “ಉಪ್ಪಿನ ಗಡಿಗಿ ತುಂಬಬೇಕಾಗ್ಯಾದ” ಅನ್ನುತ್ತಿದ್ದಳು. ಅಪ್ಪನನ್ನು ಹುಡುಕಿಕೊಂಡು ಯಾರಾದರೂ ಬಂದರೆ, “ಮನ್ಯಾಗ ಇಲ್ಲ” ಅನ್ನುವಂತಿರಲಿಲ್ಲ. “ಬರ್ತಾರ, ಕುಂದ್ರರಿ” ಅನ್ನಬೇಕು. ಅಪ್ಪ ಬೀದರಿಗೆ ಹೋಗಿ ನಾಳೆ ಬರುವವನಾದರೂ ಅಷ್ಟೇ. ಹಾಗೆ ಕುಂತವರು ಎಷ್ಟೋ ಜನ ಊಟ ಮಾಡಿ, ಮಲಗಿ ಎದ್ದು, ಅಪ್ಪ ಬಾರದ್ದನ್ನು ತಾವೇ ಅರ್ಥ ಮಾಡಿಕೊಂಡು ಹೋಗಿದ್ದಾರೆ.

ಇಂಥ ಮನೆಯಿಂದ ನಾನು ನಾರಾಯಣಖೇಡದಲ್ಲಿ ಇಂಟರ್, ಅಂದರೆ ಪಿಯುಸಿ, ಮುಗಿಸಿದೆ. ಒಳ್ಳೆಯ ಅಂಕ ಬಂದಿದ್ದವು. ಲೋಕವೆಲ್ಲ ನನ್ನ ದಾರಿ ಕಾಯುತ್ತಿದೆ ಎಂಬ ಭ್ರಮೆ ಆಗ. ಜಹೀರಾಬಾದಿನಲ್ಲಿ ಡಿಗ್ರಿಗೆ ಸೀಟು ಸಿಕ್ಕಿತು, ಹಾಸ್ಟೆಲಿನಲ್ಲೂ ಜಾಗ ಸಿಕ್ಕಿತು. ಫೀಸು, ಹಾಸ್ಟೆಲು ಎರಡನ್ನೂ ಸರಕಾರ ಕೊಡುತ್ತದೆ, ಆದರೆ ಮನೆಯ ಆಮದನಿ ಇಷ್ಟರೊಳಗೆ ಇದೆ ಎಂದು ತಹಸೀಲ್ ಕಚೇರಿಯ ಸರ್ಟಿಫಿಕೇಟ್ ಬೇಕು. ಅದು ಸಿಗದಿದ್ದರೆ ಔರಾದ್ ಕಡೆಯಿಂದ ಬಂದ ಒಂದು ಸಂಬಂಧಕ್ಕೆ ಮನೆಯವರು ಹೂಂ ಅನ್ನುವುದು ಎಂದು ಮಾತಾಗಿತ್ತು. ಹುಡುಗ ಒಳ್ಳೆಯವನಂತೆ. ನನಗೆ ಹುಡುಗನ ಮೇಲೆ ಸಿಟ್ಟಿರಲಿಲ್ಲ, ಓದಬೇಕಾಗಿತ್ತು ಅಷ್ಟೇ.

ಅರ್ಜಿ ಹಾಕಿದ ಮೇಲೆ, ಗಿರ್ದಾವರರು ಮನೆಗೆ ಬಂದು ವಿಚಾರಣೆ ಮಾಡುತ್ತಾರೆ ಎಂದು ಸುದ್ದಿ ಬಂತು. ಗಿರ್ದಾವರರೆಂದರೆ ಕಂದಾಯದ ಇನ್ಸ್‌ಪೆಕ್ಟರು. ಅವರು ಬರೆದುಕೊಟ್ಟದ್ದರ ಮೇಲೆ ತಹಸೀಲ್ದಾರರ ಸಹಿ. ಆಯಿ ಕೇಳಿದ್ದು ಒಂದೇ ಪ್ರಶ್ನೆ. “ಊಟದ ಹೊತ್ತಿಗಿ ಬರ್ತಾರೋ, ಚಹಾದ ಹೊತ್ತಿಗೋ?”

ಮರುದಿನ ಬೆಳಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕಿದ್ದಾಯಿತು. ಪಟೇಲರ ಮನೆಯಿಂದ ಜಮಖಾನೆ ಬಂತು. ಮಗ್ಗುಲ ಮನೆಯಿಂದ ಒಂದು ಗಿಂಡಿ ತುಪ್ಪ ಬಂತು. ಅವ್ವ ಒಲೆಯ ಮುಂದೆ ಶೇಂಗಾ ಹೋಳಿಗೆ ಬಡಿಯುತ್ತ ಕೂತಳು. ನಾನು ಆಯಿಯ ಬಳಿ ಹೋದೆ.

“ಆಯಿ, ಅವ್ರು ನಮ್ಮ ಬಡತನ ನೋಡಾಕ ಬರ್ತಾರ” ಅಂದೆ.

“ನೋಡ್ಲಿ. ಉಂಡು ನೋಡ್ಲಿ” ಅಂದಳು ಆಯಿ.

ಗಿರ್ದಾವರರು ಬಂದರು. ಮೆದಕ್ ಕಡೆಯವರು, ವಯಸ್ಸಾದವರು, ಮೆತ್ತಗೆ ಮಾತಾಡುವವರು. ಅಪ್ಪ ಅವರ ಜೊತೆ ತೆಲುಗಿನಲ್ಲೇ ಮಾತಾಡಿದ. ಹೊಲ ಎಷ್ಟು, ಎತ್ತು ಎಷ್ಟು, ಎಲ್ಲಕ್ಕೂ ಸರಿಯಾದ ಉತ್ತರವನ್ನೇ ಕೊಟ್ಟ. ನಾನು ಬಾಗಿಲ ಹಿಂದೆ ನಿಂತು, ಪರವಾಗಿಲ್ಲ, ಗಾಡಿ ಹಳಿಯ ಮೇಲಿದೆ ಎಂದುಕೊಂಡೆ. ಆಮೇಲೆ ಗಿರ್ದಾವರರು, ಇಷ್ಟರಲ್ಲಿ ಸಾಲುತ್ತದಾ ಸ್ವಾಮಿ ಎಂದು ಕೇಳಿದರು. ಅದು ಅವರು ತೆರೆದುಕೊಟ್ಟ ಬಾಗಿಲು. ಅಪ್ಪ ನಕ್ಕು, ಬಂದವರು ಉಂಡು ಹೋಗುತ್ತಾರೆ, ಶಿವ ಇನ್ನೇನು ಕೊಡಬೇಕು ಅಂದುಬಿಟ್ಟ. ಅಷ್ಟರಲ್ಲಿ ಎಲೆ ಹಾಕಿದರು. ಅವರು ಎಲೆಗೆ ಕೈ ಅಡ್ಡ ಹಿಡಿಯುವವರೆಗೂ ಆಯಿ ತುಪ್ಪ ಸುರಿದಳು. ಗಿರ್ದಾವರರು ಉಣ್ಣುತ್ತ ಕಂಬಗಳನ್ನು ನೋಡಿದರು, ಜಮಖಾನೆ ನೋಡಿದರು, ಕೈ ತೊಳೆದು, ಇಂಥ ಊಟ ಮಾಡಿ ಬಹಳ ದಿನವಾಗಿತ್ತಮ್ಮಾ ಎಂದು ಆಯಿಗೆ ಕೈ ಮುಗಿದು ಹೋದರು.

ಸರ್ಟಿಫಿಕೇಟ್ ಬಂತು. ಆಮದನಿ ಮಿತಿಗಿಂತ ಮೇಲೆ. ಅವರದೇನೂ ತಪ್ಪಿಲ್ಲ, ಕಂಡದ್ದನ್ನು ಬರೆದಿದ್ದರು. ಅದಕ್ಕಿಂತ ಕಡಿಮೆ ಬರೆದಿದ್ದರೆ ಆಯಿಗೇ ಅವಮಾನವಾಗುತ್ತಿತ್ತೋ ಏನೋ.

ನಾನು ಅತ್ತೆ, ಅನ್ನ ಬಿಟ್ಟೆ. ಮಧ್ಯಾಹ್ನ ಬಿಟ್ಟದ್ದನ್ನು ಸಂಜೆ ಉಂಡೆ, ಅದು ಬೇರೆ ಮಾತು. “ಒಂದ್ ಸಲ ಇಲ್ಲ ಅಂದಿದ್ರ ಏನಾಗ್ತಿತ್ತು ಅಪ್ಪಾ?” ಎಂದು ಕೇಳಿದೆ. ಆಯಿಯೇ ಹೇಳಿದಳು: “ಮನಿಗಿ ಬಂದವರ ಮುಂದ ಇಲ್ಲ ಅಂತಾರೇನವ್ವಾ? ಅವ್ರು ಬಂದ್ರು, ಉಣಿಸಿ ಕಳಿಸಿದ್ವಿ. ಈಗ ನಾವು ಅವ್ರ ಕಡಿ ಹೋಗಿ ಹೇಳಬೇಕು.” ಮತ್ತೆ ಅಪ್ಪನ ಕಡೆ ತಿರುಗಿ, “ನಿಮ್ಮಪ್ಪ ಜೋಳಿಗಿ ಹಾಕ್ಕೊಂಡು ಐದು ಮನೀ ಬಾಗಿಲಿಗಿ ನಿಲ್ತಿದ್ದ. ಸಣ್ಣಂವ ಆಗಿದ್ನೇನು?” ಅಂದಳು.

ಮುತ್ಯಾ ಸೋಮವಾರ ಭಿಕ್ಷೆಗೆ ಹೋಗುತ್ತಿದ್ದುದು ನನಗೂ ಮಸುಕಾಗಿ ನೆನಪಿದೆ. ಗಂಟೆಯ ಸದ್ದು ಕೇಳಿದರೆ ಸಾಕು, ಹೆಂಗಸರು ಮೊರದಲ್ಲಿ ಜೋಳ ಹಿಡಿದು ಬಂದು, ಜೋಳಿಗೆಗೆ ಹಾಕಿ, ಕಾಲಿಗೆ ಬೀಳುತ್ತಿದ್ದರು. ಕೊಟ್ಟವರೇ ಬಾಗುತ್ತಿದ್ದರು, ಬೇಡಿದವನಲ್ಲ.

ಅಪ್ಪ ಆಯಿಯ ಕಡೆ ತಿರುಗಿದ. “ಅದು ಬ್ಯಾರೆ, ಇದು ಬ್ಯಾರೆ ಅವ್ವಾ. ಜೋಳಿಗಿ ಹಿಡದಂವ ಕೊಡ್ರಿ ಅಂತಾನ. ‘ನನ್ನ ಕಡಿ ಇಲ್ಲ’ ಅನ್ನಂಗಿಲ್ಲ. ಕೇಳು ಅಂದ್ರ ಈಗ ಕೇಳ್ತೀನಿ. ‘ಇಲ್ಲ’ ಅನ್ನು ಅಂತಾರ ಅವ್ರು.”

ಹದಿಹರೆಯದ ಸಿಟ್ಟಿನಲ್ಲಿ ನನಗೆ ಇದು ಶುದ್ಧ ಮೊಂಡುತನವಾಗಿ ಕಂಡಿತು. ಈಗ ವರ್ಷ ವರ್ಷ ಈ ಮೇಜಿನ ಹಿಂದೆ ಕೂತು ನೋಡುತ್ತೇನೆ: ಅಪ್ಪ ಹೇಳಿದ್ದು ಸರಿಯಾಗಿಯೇ ಇತ್ತು. ಕೇಳುವುದಕ್ಕೆ ನಮ್ಮ ಜನ ಅಷ್ಟು ಅಂಜುವುದಿಲ್ಲ.

ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು. ಒಂದು ಸಂಜೆ ಕೊಟ್ಟಿಗೆಯಲ್ಲಿ ಅಪ್ಪ ಯಾರ ಜೊತೆಗೋ ಮಾತಾಡುತ್ತಿರುವುದು ಕೇಳಿಸಿತು. ಹೋಗಿ ನೋಡಿದರೆ ಎತ್ತಿಗೆ ಮೇವು ಹಾಕುತ್ತ, “ನಾ ದಗ್ಗರ ಲೇದು ಸಾರ್… ಬಿಡ್ಡನು ಚದಿವಿಂಚಡಾನಿಕಿ ನಾ ದಗ್ಗರ ಲೇದು” ಅನ್ನುತ್ತಿದ್ದ. ಮಗಳನ್ನು ಓದಿಸಲು ನನ್ನ ಹತ್ತಿರ ಇಲ್ಲ ಎನ್ನುವುದನ್ನು ತೆಲುಗಿನಲ್ಲಿ ಕಲಿಯುತ್ತಿದ್ದ. ಎತ್ತು ಬೀದರ್ ಸಂತೆಯದು, ಅದಕ್ಕೆ ತೆಲುಗು ಬರುತ್ತಿರಲಿಲ್ಲ. ನನ್ನನ್ನು ಕಂಡು ಅಪ್ಪ ನಾಚಿದ. “ತೆಲುಗಿನ್ಯಾಗ ಅಂದ್ರ ಬಾಯಿಗಿ ಅಷ್ಟು ಜಡ ಆಗಂಗಿಲ್ಲ. ಅದು ಕಚೇರಿ ಮಾತು. ಮನೀ ಮಾತಿನ್ಯಾಗ ನನಗ ಬರಂಗಿಲ್ಲ ತಾಯಿ” ಅಂದ. ನಾನು ನಗಲಿಲ್ಲ.

ಮರುದಿನ ಇಬ್ಬರೂ ಬಸ್ಸು ಹತ್ತಿ ನಾರಾಯಣಖೇಡಕ್ಕೆ ಹೋದೆವು. ಅಪ್ಪನದು ಮಡಿ ಧೋತರ, ಹಣೆ ತುಂಬ ವಿಭೂತಿ, ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು. ಕಂಡಕ್ಟರು ಅಪ್ಪ ಮಂತ್ರ ಹೇಳುತ್ತಿದ್ದಾನೆ ಎಂದುಕೊಂಡು ಟಿಕೆಟ್ ಕೇಳಲು ಸ್ವಲ್ಪ ಕಾದ.

ಕಚೇರಿಯಲ್ಲಿ ಜನವೋ ಜನ. ನಮ್ಮ ಸರದಿ ಬಂದಾಗ ಗಿರ್ದಾವರರು ಅಪ್ಪನನ್ನು ಗುರುತು ಹಿಡಿದು ಎದ್ದುನಿಂತರು. ಉಂಡ ಮನೆಯ ಯಜಮಾನನಿಗೆ ಮರ್ಯಾದೆ ಮಾಡಬೇಕು ಅನ್ನಿಸಿತೋ ಏನೋ, ತಮಗೆ ಬರುವ ನಾಲ್ಕು ಕನ್ನಡದ ಮಾತು ಕೂಡಿಸಿಕೊಂಡು, “ಬರ್ರಿ ಅಯ್ಯನೋರೆ, ಕುಂದ್ರರಿ. ಏನು ಬೇಕು ಹೇಳ್ರಿ” ಅಂದರು.

ಅಪ್ಪ ಕಲಿತುಕೊಂಡು ಬಂದ ತೆಲುಗು ಬಾಯಲ್ಲೇ ಉಳಿಯಿತು. ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲಿ ಹೇಳದಿದ್ದರೆ ಅದೂ ಅವರನ್ನು ದೂರ ಇಟ್ಟಂತೆ. ಅಪ್ಪ ಅಂಥದ್ದು ಮಾಡುವವನಲ್ಲ.

“ಕುಂದ್ರಂಗಿಲ್ರಿ” ಅಂದ ಅಪ್ಪ. “ನನ್ನ ಕಡಿ ಇಲ್ರಿ. ಮಗಳಿಗಿ ಓದ್ಸಾಕ ನನ್ನ ಕಡಿ ಏನೂ ಇಲ್ಲ.”

ಸರದಿಯಲ್ಲಿ ನಮ್ಮ ಹಿಂದೆ ನಮ್ಮೂರಿನವರೇ ಇಬ್ಬರು ನಿಂತಿದ್ದರು. ಅವರ ಮಕ್ಕಳ ಹೆಸರಿಟ್ಟವನು ಅಪ್ಪ. ಇಬ್ಬರೂ ಗೋಡೆಯ ಕಡೆ ಮುಖ ಮಾಡಿದರು. ಅವರು ಹಾಗೆ ಮಾಡಿದ್ದನ್ನು ನಾನು ಇವತ್ತಿಗೂ ಒಂದು ಉಪಕಾರವೆಂದೇ ಎಣಿಸುತ್ತೇನೆ.

ಗಿರ್ದಾವರರು, ಆ ದಿನದ ತುಪ್ಪ ಯಾರದು ಎಂದು ಮೆಲ್ಲಗೆ ಕೇಳಿದರು. “ಮಗ್ಗಲ ಮನೀದ್ರಿ.” ಜಮಖಾನೆ? “ಪಟೇಲರದು.” ಕಂಬ? “ಅರ್ಧ ನಮ್ಮ ಅಣ್ಣಂದು.” ಅವರು ತಲೆ ತಗ್ಗಿಸಿ ಬರೆದುಕೊಂಡರು. ಮತ್ತೊಮ್ಮೆ ವಿಚಾರಣೆಗೆ ಮನೆಗೆ ಬರಬೇಕಾಗುತ್ತದೆ, ಆದರೆ ಈ ಸಲ ನಾನು ಉಪವಾಸ ಅಂದರು. ಹಾಗೆಯೇ ಬಂದರು, ನೀರು ಕುಡಿದು ಹೋದರು. ಆಯಿಗೆ ಅದನ್ನು ಸಹಿಸಲಾಗಲಿಲ್ಲ. ಸರ್ಟಿಫಿಕೇಟ್ ಸಕಾಲಕ್ಕೆ ಕೈಗೆ ಬಂತು, ನಾನು ಜಹೀರಾಬಾದಿಗೆ ಬಂದೆ, ಓದಿದೆ, ಇಲ್ಲಿ ಕೂತಿದ್ದೇನೆ.

ಕಚೇರಿಯಿಂದ ಮನೆಗೆ ಬಂದ ದಿನ ಆಯಿ ಹೊಸ್ತಿಲಲ್ಲೇ ಕೇಳಿದ್ದಳು. “ಅಂದೇನೋ?”

“ಅಂದೆ.”

“ತೆಲುಗಿನ್ಯಾಗ?”

“ನಮ್ಮ ಮಾತಿನ್ಯಾಗ” ಅಂದ ಅಪ್ಪ. ಆಯಿ ಅವನ ಕಾಲಿಗೆ ತಾನೇ ನೀರು ಹಾಕಿದಳು. ಆ ರಾತ್ರಿ ಅಪ್ಪ ಉಣ್ಣಲಿಲ್ಲ. ನನ್ನ ಹಾಗೆ ಆಮೇಲೆ ಉಂಡಾನೇ ಎಂದು ಕಾದು ನೋಡಿದೆ, ಉಣ್ಣಲಿಲ್ಲ.

ಝರಾಸಂಗಂನ ತಂದೆ ಮಗಳು ಚಹಾ ಕುಡಿದು ತಿರುಗಿ ಬಂದರು. ತಂದೆ ಮತ್ತೆ ಆ ಕುರ್ಚಿಯಲ್ಲಿ ಕೂತು, ಮತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಕನ್ನಡದಲ್ಲಿ ಮಾತಾಡಿಸಿ ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ ಎಂದು ನನ್ನ ಬಗ್ಗೆ ನನಗೇ ನಗು ಬಂತು. ಮಗಳಿಗೆ, ಆಧಾರ್ ಕಾರ್ಡು ಜೆರಾಕ್ಸ್ ಮಾಡಿಸಿಕೊಂಡು ಬಾ ಎಂದು ಹೇಳಿ ಹೊರಗೆ ಕಳಿಸಿದೆ. ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ನಮ್ಮ ಕಡೆಯ ಮಾತು ಬರದವಳ ಹಾಗೆ, ತೆಲುಗಿನಲ್ಲಿ ಅದೇ ಪ್ರಶ್ನೆ ಕೇಳಿದೆ.

“ಚೆಪ್ಪಂಡಿ ಅಣ್ಣಾ. ಆದಾಯಂ ಎಂತ ವಸ್ತುಂದಿ?”

ಅವರು ನನ್ನ ಮುಖ ನೋಡಿದರು. ಕಿಟಕಿಯ ಕಡೆ ನೋಡಿದರು. ಬೆನ್ನು ಸಡಿಲವಾಯಿತು.

“ಏಮೀ ಲೇದು ಮೇಡಂ” ಅಂದರು.

ನಾನು ಬರೆದುಕೊಂಡೆ.