ಹುಳುಮನೆಯ ನೀಲಿ ದೀಪ

ವಕ್ಕಲೇರಿಯ ಮುನಿಗಂಗಮ್ಮನಿಗೆ ಹೆತ್ತ ಮಕ್ಕಳಿಗಿಂತ ರೇಷ್ಮೆಹುಳುಗಳ ಮೇಲೆ ಒಂದು ಕೈ ಹೆಚ್ಚು ಪ್ರೀತಿ. ಮಕ್ಕಳು ಎದುರು ಮಾತಾಡುತ್ತಾರೆ, ಹುಳುಗಳು ತಿಂದು ಸುಮ್ಮನಿರುತ್ತವೆ ಎನ್ನುತ್ತಾಳೆ. ಅವಳ ಹುಳುಮನೆಗೆ ಹೊಗೆ, ವಾಸನೆ ಯಾವುದೂ ಸುಳಿಯುವಂತಿಲ್ಲ. ಪಕ್ಕದ ಮನೆಯವಳಾದ ನಾನು ಸೊಪ್ಪು ಹಾಕಲು ಹೋದರೂ ಮುಡಿದ ಮಲ್ಲಿಗೆಯನ್ನು ಬಾಗಿಲಲ್ಲೇ ತೆಗೆದಿಡಬೇಕು.

ಅವಳ ಗಂಡ ಕೋದಂಡರಾಮಪ್ಪ ಬೀಡಿ ಬಿಟ್ಟು ಆರು ತಿಂಗಳಾಗಿತ್ತು. ಹಾಗೆಂದು ಅವನೇ ಹೇಳುತ್ತಿದ್ದ. ಯುಗಾದಿಯ ಹೊತ್ತಿಗೆ ಉಸಿರು ಸಿಕ್ಕದೆ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದ್ದವನು. ಇನ್ನು ಬೀಡಿ ಮುಟ್ಟಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಗದರಿ ಕಳಿಸಿದ್ದರು. ಅಂದಿನಿಂದ ಅವನು ಕೆಮ್ಮಿದರೆ ಸಾಕು, ಮುನಿಗಂಗಮ್ಮ ಕೈಯ ಕೆಲಸ ಬಿಟ್ಟು ಓಡಿ ಬರುತ್ತಿದ್ದಳು.

ಮಾಲೂರಿನಲ್ಲಿರುವ ಮಗಳು ಸುನಂದ ಅಪ್ಪನಿಗೆಂದೇ ಒಂದು ಯಂತ್ರ ತಂದಿಟ್ಟಳು. ಅದು ಫ್ಯಾನಿನಂತೆ ಗಾಳಿ ಬೀಸುತ್ತದೆ, ಆ ಗಾಳಿಯನ್ನು ಸೋಸಿಯೂ ಕೊಡುತ್ತದೆ. ಗಾಳಿ ಚೊಕ್ಕವಾಗಿದ್ದರೆ ನೀಲಿ ದೀಪ, ಕೆಟ್ಟಿದ್ದರೆ ಕೆಂಪು. ಕೋದಂಡರಾಮಪ್ಪ ತೋಟದಿಂದ ಬಂದು ಅದರ ಮುಂದೆ ಕೂತರೆ ಕೆಂಪು.

"ನಿನ್ನ ಒಗ್ಗರಣೆ ಕಣೇ," ಎಂದ. ಮರುದಿನ ಊದುಬತ್ತಿಯನ್ನು ದೂರಿದ. ಪಾಪ, ಅವಳು ಒಗ್ಗರಣೆ ಬಿಟ್ಟು ಸಪ್ಪೆ ಸಾರು ಮಾಡತೊಡಗಿದಳು, ದೇವರಿಗೂ ಊದುಬತ್ತಿ ತಪ್ಪಿತು. ನನಗಂತೂ ಮೈ ಉರಿಯುತ್ತಿತ್ತು.

ಕೊನೆಗೆ ಅವನೇ ದೊಡ್ಡ ಮನಸ್ಸು ಮಾಡಿದ. "ಇದನ್ನ ಹುಳುಮನೇಲಿಡು. ಹುಳ ನಾಲ್ಕನೇ ಜ್ವರದಿಂದ ಎದ್ದವೆ, ಒಳ್ಳೆ ಗಾಳಿ ಬೇಕು. ನನಗ್ಯಾಕೆ?" ಹುಳು ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತೇವೆ. ಯಂತ್ರ ಕಣ್ಣೆದುರಿಂದ ತೊಲಗಿದರೆ ಸಾಕು ಎಂಬುದು ಅವನ ಉಪಾಯ. ಹುಳುಮನೆಯಲ್ಲಿ ದೂರಲು ಒಗ್ಗರಣೆಯೂ ಇಲ್ಲ, ಊದುಬತ್ತಿಯೂ ಇಲ್ಲ ಎಂಬುದನ್ನು ಮಹಾಶಯ ಮರೆತಿದ್ದ.

ಅವನು ಯಾವತ್ತೂ ಸೊಪ್ಪಿನ ಹೊರೆಯನ್ನು ಬಾಗಿಲಲ್ಲೇ ಇಳಿಸಿ ಹೋಗುವವನು. ಹುಳುಗಳ ಹಸಿವು ಜೋರಾಗಿದ್ದರಿಂದ ಮರುದಿನ ಒಳಗೇ ತರಬೇಕಾಯಿತು. ಬಂದು ನಿಂತ. ನೀಲಿ ದೀಪ ಕೆಂಪಾಯಿತು. ಅವನು ಸೊಪ್ಪು ಹಾಕುತ್ತಿದ್ದ ನನ್ನ ಕಡೆ ನೋಡಿದ.

"ನಾನು ಮಲ್ಲಿಗೆ ತೆಗೆದಿಟ್ಟೇ ಬಂದಿದೀನಿ ಕಣಣ್ಣ," ಎಂದೆ.

ಮುನಿಗಂಗಮ್ಮ ಹೊರೆ ಇಳಿಸಿಕೊಂಡಳು. "ದಿನಾ ಎಷ್ಟು?"

"ಎರಡೇ."

ಅವಳು ಕೂಗಾಡಲಿಲ್ಲ. "ಈ ಹುಳ ನಾಲ್ಕು ಜ್ವರ ದಾಟ್ಯವೆ. ನಿಮಗೆ ಒಂದು ಬೀಡಿ ದಾಟಕ್ಕಾಗಲ್ವಾ? ನೀವು ಹೋದ್ರೆ ನಾನೊಬ್ಳೇ ಏನ್ ಮಾಡ್ಲಿ?" ಎಂದಳು.

ಅಂದು ಮಧ್ಯಾಹ್ನವೇ ಅವನ ಮಂಚ ಹುಳುಮನೆಯ ಮೂಲೆಗೆ ಬಂತು, ಹುಳುಗಳು ಕಟ್ಟುವ ರೇಷ್ಮೆಗೂಡು ಬಿಡಿಸುವ ತನಕ ಅಲ್ಲೇ ವಾಸ. ಬೀಡಿಯ ವಾಸನೆ ತಂದರೆ ಬೆಳೆಯೇ ಹೋಗುತ್ತದೆ. ತಾನೇ ನೆಟ್ಟ ಹಿಪ್ಪುನೇರಳೆ ತಿಂದು ಬೆಳೆದ ಹುಳುಗಳನ್ನು ಕೊಲ್ಲುವಷ್ಟು ಕೆಟ್ಟವನಲ್ಲ ಅವನು. ಆದರೂ ಹೊರಗೆ ಹೋಗಿ ಬಂದಾಗಲೆಲ್ಲ ಅವಳು ಯಂತ್ರದ ಮುಂದೆ ಊದಿಸುತ್ತಿದ್ದಳು, ಪೊಲೀಸರು ರಸ್ತೆಯಲ್ಲಿ ಊದಿಸುವ ಹಾಗೆ. ಮೊದಲ ನಾಲ್ಕು ದಿನ ಅವನು ಸಿಡಿಮಿಡಿಗುಟ್ಟಿದ್ದನ್ನು ನಾನು ಇಲ್ಲಿ ಬರೆಯುವಂತಿಲ್ಲ.

ಗೂಡು ಬಿಡಿಸಿದ್ದಾಯಿತು. ಹುಳುಮನೆ ಖಾಲಿ.

"ಮಂಚ ಎತ್ತಿಸ್ಲಾ?" ಎಂದು ಕೇಳಿದಳು.

ಯಾರೂ ಹೇಳದೆಯೇ ಅವನು ಬಗ್ಗಿ ಯಂತ್ರದ ಮುಂದೆ ಊದಿದ. ದೀಪ ನೀಲಿಯಾಗಿಯೇ ಇತ್ತು.

"ಇರ್ಲಿ ಬಿಡೇ. ಮುಂದಿನ ಹುಳ ಯಾವತ್ತು ತರೋದು?"

"ಸೋಮವಾರ," ಎಂದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಅಂದು ಅವರ ಮನೆಯ ಸಾರಿಗೆ ಒಗ್ಗರಣೆ ಬಿತ್ತು. ಘಮ ನಮ್ಮ ಮನೆಗೂ ಬಂತು.